ಮೂಲೆ ಹರಿದ ಕಾರ್ಡು

ನಮ್ಮ ಮನೆ ಎಂದರೆ ಒಂದೂವರೆ ಕೋಣೆ. ರವಿವಾರ ಬಂತೆಂದರೆ ಅದರಲ್ಲಿ ಒಂದು ಕೋಣೆ ಶಾಲೆಯಾಗುತ್ತಿತ್ತು. ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ಒಲೆಯಿದ್ದ ಅರ್ಧ. ಬೆಳಗ್ಗೆ ರೊಟ್ಟಿ ತಿಂದು ಮುಗಿಯುವುದರೊಳಗೆ ಅಪ್ಪ ಹೊರಸನ್ನು ಎತ್ತಿ ಗೋಡೆಗೆ ನಿಲ್ಲಿಸುತ್ತಿದ್ದ. ಎರಡು ಟ್ರಂಕುಗಳು ಒಂದರ ಮೇಲೊಂದು ಕೂತು ಮಾಸ್ತರರ ಮೇಜಾಗುತ್ತಿದ್ದವು. ನೆಲಕ್ಕೆ ಗೋಣಿತಟ್ಟು. ತಮ್ಮನ ತೊಟ್ಟಿಲನ್ನು ಮಾತ್ರ ಎಲ್ಲಿಗೂ ಸಾಗಿಸಲು ಬರುತ್ತಿರಲಿಲ್ಲ, ಅದು ಜಂತಿಗೆ ಕಟ್ಟಿದ್ದು. ಹಾಗಾಗಿ ಅವನು ಹುಟ್ಟಿದ ವಾರದಿಂದಲೇ ಹಿಂದಿ ಶಾಲೆಯ ವಿದ್ಯಾರ್ಥಿ. ಇಪ್ಪತ್ತು ಮಕ್ಕಳು ಒಟ್ಟಿಗೆ ಅಕ್ಷರ ಕಿರುಚುವಾಗ ಅವನು ನಿದ್ದೆ ಮಾಡುತ್ತಿದ್ದ, ಎಲ್ಲರೂ ಸುಮ್ಮನಾದರೆ ಎದ್ದು ಅಳುತ್ತಿದ್ದ. ಮಾಸ್ತರರು ಇದನ್ನು ನಮಗೆಲ್ಲ ಮಾದರಿಯಾಗಿ ತೋರಿಸುತ್ತಿದ್ದರು. ನಮ್ಮ ಶಾಲೆಯಲ್ಲಿ ಮೊದಲ ಬಹುಮಾನ ಸಿಕ್ಕಿದ್ದು ಅವನಿಗೇ, ಒಂದು ಗೋಕಾವಿಯ ಮಣ್ಣಿನ ಗಿಣಿ. ಎರಡನೆಯದು ನನಗೆ. ಅದರ ಕಥೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಗೋಕಾವಿಯ ಫಾಲ್ಸಿನ ಮೇಲುಗಡೆ, ಗಿರಣಿಯವರ ಚಾಳುಗಳಲ್ಲಿ ಕೊನೆಯ ಸಾಲು ನಮ್ಮದು. ಗಂಗೆಯ ದಂಡೆಯ ಹಳ್ಳಿಗಳಿಂದ ಹೊರಟು, ಮುಂಬೈಯಲ್ಲಿ ಒಂದಷ್ಟು ವರ್ಷ ನೂಲು ತೆಗೆದು, ಅಲ್ಲಿ ಕೆಲಸ ಹೋದಮೇಲೆ ಯಾರದೋ ಮಾತು ಕೇಳಿ ಇಲ್ಲಿಗೆ ಬಂದ ಹನ್ನೆರಡು ಮನೆಗಳು. ಊರವರು ಭಯ್ಯಾಗಳ ಸಾಲು ಎನ್ನುತ್ತಿದ್ದರು. ದೊಡ್ಡವರು ತಮ್ಮ ತಮ್ಮಲ್ಲಿ ಬಿಟ್ಟುಬಂದ ಊರ ಭಾಷೆ ಆಡುತ್ತಿದ್ದರು. ನಾವು ಮಕ್ಕಳು ಅದನ್ನು ಕೇಳುತ್ತಿದ್ದೆವು, ಉತ್ತರ ಮಾತ್ರ ಗೋಕಾವಿಯ ಕನ್ನಡದಲ್ಲಿ ಕೊಡುತ್ತಿದ್ದೆವು. ನನ್ನ ತಾಯಿಯನ್ನು ನಾನು ಮಾಯಿ ಎಂದು ಕರೆಯುತ್ತಿದ್ದೆ. ಅವಳು ನನ್ನನ್ನು ಬುಚಿಯಾ ಎನ್ನುತ್ತಿದ್ದಳು, ಅಂದರೆ ಪುಟ್ಟಿ. ನಮ್ಮಿಬ್ಬರ ನಡುವೆ ಊರ ಮಾತು ಉಳಿದದ್ದು ಈ ಎರಡು ಶಬ್ದಗಳಲ್ಲಿ ಮಾತ್ರ. ನಾನು ಹಟಕ್ಕೆ ಕನ್ನಡವನ್ನೇ ಆಡಿ ಆಡಿ, ಕೊನೆಗೆ ಅವಳೂ ನಲ್ಲಿಯ ಹತ್ತಿರ ಕಲಿತ ಕನ್ನಡದಲ್ಲೇ ನನ್ನನ್ನು ಬೈಯತೊಡಗಿದಳು. ಬೈಗುಳ ಇಲ್ಲಿಯದು, ಹಾಡು ಅಲ್ಲಿಯದು. ಊಟವೂ ಹೀಗೇ. ಮಧ್ಯಾಹ್ನ ಜೋಳದ ರೊಟ್ಟಿ, ಬದನೆಕಾಯಿ. ಸಂಜೆಗೆ ಹುರಿದ ಕಡಲೆಯ ಹಿಟ್ಟನ್ನು ನೀರಲ್ಲಿ ಕಲಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿದ ಸತ್ತು. ಪಕ್ಕದ ಸಾಲಿನ ನೀಲವ್ವ ಕಾಕು ಮೊದಲ ಸಲ ಅದನ್ನು ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿ ಹೇಳಿದಳಂತೆ:

"ಭಾಳ ಚಲೋ ಐತಿ ಬಾಯಿ. ನಮ್ಮ ಎಮ್ಮಿಗೂ ಒಂದೀಟು ಕೊಡು."

ಅಂದಿನಿಂದ ಇಬ್ಬರೂ ಗೆಳತಿಯರು.

ಮಾಯಿಯ ತವರು ನಾಲ್ಕು ದಿನದ ರೈಲಿನ ದೂರದಲ್ಲಿತ್ತು. ಮದುವೆಯಾದ ಮೇಲೆ ಅವಳು ಅಲ್ಲಿಗೆ ಹೋದದ್ದು ಒಂದೇ ಸಲ, ನಾನು ಹುಟ್ಟುವ ಮುಂಚೆ. ಅಲ್ಲಿದ್ದ ತನ್ನ ತಾಯಿಯ ಬಗ್ಗೆ, ಅಂದರೆ ನನ್ನ ನಾನಿಯ ಬಗ್ಗೆ, ಮಾಯಿ ಎಷ್ಟು ಮಾತಾಡುತ್ತಿದ್ದಳೆಂದರೆ ನಾನು ಕಾಣದ ಆ ಮುದುಕಿ ನಮ್ಮ ಒಲೆಯ ಪಕ್ಕದಲ್ಲೇ ಎಲ್ಲೋ ಕೂತಿದ್ದಾಳೆ ಅನಿಸುತ್ತಿತ್ತು. ನಾನಿ ಹೀಗೆ ಬೆಲ್ಲ ಒಡೆಯುತ್ತಾಳೆ, ನಾನಿ ಹೀಗೆ ಕೆಮ್ಮುತ್ತಾಳೆ, ಶನಿವಾರ ನಾನಿ ಚಿಕ್ಕವಳಿದ್ದ ತನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆಗೆ ಸಾಸಿವೆ ಎಣ್ಣೆ ಹಚ್ಚುತ್ತಿದ್ದಳು. ನಾನಿಯ ಹೆಸರಿನಲ್ಲಿ ಯಾರೋ ಬರೆದುಕೊಟ್ಟ ಕಾರ್ಡು ವರ್ಷಕ್ಕೊಂದೋ ಎರಡೋ ಬರುತ್ತಿದ್ದವು. ಮಾಯಿಗೂ ಅಪ್ಪನಿಗೂ ಓದು ಬರುತ್ತಿರಲಿಲ್ಲ. ಇಡೀ ಸಾಲಿನಲ್ಲಿ ಊರ ಕಾಗದ ಓದಬಲ್ಲವರು ಒಬ್ಬರೇ, ಗಿರಣಿಯ ಗೇಟು ಕಾಯುತ್ತಿದ್ದ ರಾಮಧನಿ ಬಾಬಾ. ಬಾಬಾ ಕೆಟ್ಟವರಲ್ಲ. ಆದರೆ ಅವರ ಗಂಟಲು ದೊಡ್ಡದು, ಕಾಗದ ಓದುವ ಜಾಗ ಬೇವಿನ ಕಟ್ಟೆ.

ನನಗೆ ಏಳು ವರ್ಷವಿದ್ದಾಗ ಬಂದ ಒಂದು ಕಾರ್ಡಿನಲ್ಲಿ, ಮಾಯಿಯ ತಂಗಿ ಗಂಡನ ಮನೆ ಬಿಟ್ಟು ಬಂದು ತವರಿನಲ್ಲಿ ಕೂತಿದ್ದಾಳೆ ಎಂದಿತ್ತು. ಬಾಬಾ ಅದನ್ನು ಎಂದಿನಂತೆ ಕಟ್ಟೆಯ ಮೇಲೆ ಕೂತು ಓದಿದರು. ಸಂಜೆ ನಲ್ಲಿಯ ಹತ್ತಿರ ನಾಲ್ಕು ಜನ ಹೆಂಗಸರು ಮಾಯಿಯನ್ನು ಸುತ್ತುವರಿದು, ತಂಗಿಯದು ಏನು ತಪ್ಪು, ಗಂಡ ಹೊಡೆಯುತ್ತಿದ್ದನೋ ಹೇಗೆ ಎಂದು ವಿಚಾರಿಸಿಕೊಂಡರು. ಮಾಯಿ ಕೊಡ ಅಲ್ಲೇ ಬಿಟ್ಟು ಬಾಬಾರ ಬಾಗಿಲಿಗೆ ಹೋದಳು. ಅವರು ಜಗಳಾಡಿದ್ದು ಊರ ಭಾಷೆಯಲ್ಲಿ, ನನ್ನ ನೆನಪಿನಲ್ಲಿ ಉಳಿದದ್ದು ಕನ್ನಡದಲ್ಲಿ.

"ಬಾಬಾ, ನೀವು ಕಾಗದ ನನಗ ಓದಿದ್ರೋ, ಚಾಳಿಗೆ ಓದಿದ್ರೋ?"

"ಕಿವಿ ಇದ್ದವರು ಕೇಳತಾರ. ಮಂದಿ ಕಿವಿ ನಾ ಮುಚ್ಚಾಕ ಆಗತೈತೇನು?"

ಅಷ್ಟರಲ್ಲಿ ಅಪ್ಪ ಪಾಳಿ ಮುಗಿಸಿ ಬಂದ. ಮಾತಿಗೆ ಮಾತು ಬೆಳೆಯಿತು. ಅಪ್ಪ ಹಿರಿಯರೆಂಬುದನ್ನೂ ನೋಡದೆ ಅವರನ್ನು ಡಂಗುರದವ ಎಂದ. ಬಾಬಾ ಮುಖ ಕೆಂಪಾಗಿಸಿಕೊಂಡು ಎದ್ದು ನಿಂತರು.

"ಇನ್ನ ಮ್ಯಾಲ ನಿಮ್ಮ ಮನಿ ಕಾಗದದ ಒಂದು ಮಾತು ನನ್ನ ಬಾಯಾಗ ಬಂದ್ರ, ಗಂಗಾಮಾಯಿ ಆಣಿ!"

ಅವತ್ತಿನಿಂದ ಅಪ್ಪ ಗೇಟಿನಲ್ಲಿ ಅವರ ಮುಖ ನೋಡದೆ ಒಳಗೆ ಹೋಗುತ್ತಿದ್ದ. ಮಾಯಿ ಮಾತ್ರ ಆ ರಾತ್ರಿ ನನ್ನ ಕೈ ಹಿಡಿದು ಕೂತು, ನೀನು ಓದು ಕಲಿ, ನಮ್ಮ ಬಾಗಿಲು ಹಾಕಿಕೊಂಡು ನಮ್ಮ ಕಾಗದ ನಾವೇ ಓದಿಕೊಳ್ಳೋಣ ಎಂದಳು. ನಮ್ಮ ಮನೆಗೆ ಹಿಂದಿ ಶಾಲೆ ಬಂದದ್ದು ಆ ಸಿಟ್ಟಿನಿಂದ.

ದುಬೆ ಮಾಸ್ತರರು ಗಿರಣಿಯ ಕಚೇರಿಯಲ್ಲಿ ಕಾರಕೂನರು, ಜಬಲಪುರದ ಕಡೆಯವರು. ತೆಳ್ಳಗೆ, ಖಾದಿ ಟೊಪ್ಪಿಗೆ, ಮಾತಾಡುವಾಗ ಮುಂಗಾಲ ಮೇಲೆ ಏಳುತ್ತಿದ್ದರು. ನಮ್ಮ ಸಾಲಿನ ಮಕ್ಕಳು ತಾಯಿನುಡಿ ಮರೆತು ಅಬ್ಬೇಪಾರಿಗಳಾಗುತ್ತಿದ್ದಾರೆ ಎಂಬುದು ಅವರ ಕೊರಗು. ಜಾಗ ಸಿಕ್ಕರೆ ರಜೆಯ ದಿನ ಕಲಿಸುತ್ತೇನೆ ಎಂದು ಮನೆಮನೆ ತಿರುಗುತ್ತಿದ್ದರು. ಮಾಯಿ ಕೋಣೆ ಬಿಟ್ಟುಕೊಟ್ಟಳು. ಸೀಮೆಸುಣ್ಣ, ಪಾಟಿ ಅವರೇ ತಂದರು. ಚಿತ್ರಗಳಿದ್ದ ಅಕ್ಷರದ ಹಾಳೆಗಳನ್ನು ಗೋಡೆಗೆ ಅಂಟಿಸಲು, ಗಿರಣಿಯಲ್ಲಿ ನೂಲಿಗೆ ಹಚ್ಚುವ ಗಂಜಿಯನ್ನು ಅಪ್ಪ ಒಂದು ತಂಬಿಗೆಯಲ್ಲಿ ತಂದಿಟ್ಟ. ಆ ಗಂಜಿಯ ತಂಬಿಗೆ ನನ್ನ ಸುಪರ್ದಿಯಲ್ಲಿ ಇತ್ತು, ಅದೊಂದು ದೊಡ್ಡ ಅಧಿಕಾರ. ಮಳೆಗಾಲದಲ್ಲಿ ಫಾಲ್ಸಿನ ಸದ್ದಿಗೆ ಮಾಸ್ತರರ ಮಾತು ಕೇಳುತ್ತಿರಲಿಲ್ಲ, ಕೂಗಿ ಕೂಗಿ ಅವರಿಗೆ ಗಂಟಲು ಬಿದ್ದುಹೋಗುತ್ತಿತ್ತು. ಮಾಯಿ ಅವರಿಗೆ ಶುಂಠಿಯ ಕಷಾಯ ಕೊಟ್ಟು, ಅಡ್ಡ ಕಟ್ಟಿದ ಸೀರೆಯ ಮರೆಯ ಆಚೆ ಒಲೆಯ ಮುಂದೆ ಕೂತು, ನಮ್ಮ ಜೊತೆ ತಾನೂ ತುಟಿ ಆಡಿಸುತ್ತಿದ್ದಳು.

"ಹಿಂದಿ ಕಲಿತವರು ಈ ದೇಶದ ಯಾವ ಮೂಲೆಗೆ ಹೋದರೂ ಪರದೇಶಿಗಳಲ್ಲ" ಎಂದು ಮಾಸ್ತರರು ಪ್ರತಿ ರವಿವಾರ ಹೇಳುತ್ತಿದ್ದರು. ನಾನು ಅದನ್ನು ನಂಬಿದ್ದೆ.

ಶಾಲೆ ಶುರುವಾದ ಕೆಲವು ತಿಂಗಳಲ್ಲೇ ನಾನಿಯ ಕಾರ್ಡೊಂದು ಬಂತು. ಮಾಯಿ ಅದನ್ನು ಯಾರಿಗೂ ತೋರಿಸಲಿಲ್ಲ. ದೇವರ ಗೂಡಿನ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟು, ನನ್ನ ಕಡೆ ನೋಡಿ, ಅವಸರ ಇಲ್ಲ ಎಂದಳು. ಹೆತ್ತ ತಾಯಿಯ ಕಾಗದವನ್ನು ಒಂದು ವರ್ಷದ ಮೇಲೆ ಓದದೆ ಇಟ್ಟುಕೊಂಡ ಹೆಂಗಸು ಅವಳು. ಆ ಹಟ ನನಗೂ ಸ್ವಲ್ಪ ಬಂದಿದೆ. ನಾನು ಎರಡನೇ ಪುಸ್ತಕ ಮುಗಿಸಿದ್ದು ದೀಪಾವಳಿಯ ಮುಂದೆ. ಮಾಸ್ತರರು ಎಲ್ಲರೆದುರು ನನ್ನ ಬೆನ್ನು ತಟ್ಟಿ, ಎರಡನೆಯ ಮಣ್ಣಿನ ಗಿಣಿಯನ್ನು ಕೊಟ್ಟರು. ಅಂದು ಎಲ್ಲರೂ ಹೋದಮೇಲೆ ಮಾಯಿ ಬಾಗಿಲ ಅಗಳಿ ಹಾಕಿದಳು, ಕೈಕಾಲು ತೊಳೆದು ಬಂದಳು, ಪೆಟ್ಟಿಗೆಯಿಂದ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟಳು. ಎದುರಿಗೆ ಕೂತು ಸೆರಗನ್ನು ತಲೆ ಮೇಲೆ ಎಳೆದುಕೊಂಡಳು, ಹಿರಿಯರ ಮುಂದೆ ಕೂತವಳಂತೆ.

ಅದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ನಾವು ಕಲಿತ ಅಕ್ಷರಗಳಿಗೆ ತಲೆ ಮೇಲೆ ಗೆರೆ ಇರುತ್ತಿತ್ತು, ಇವಕ್ಕೆ ಗೆರೆಯೇ ಇಲ್ಲ. ಒಂದಕ್ಕೊಂದು ಬಾಲ ಹಿಡಿದು ಓಡುತ್ತಿದ್ದವು. ಕಾರ್ಡನ್ನು ತಿರುಗಿಸಿ ನೋಡಿದೆ. ಮಾಯಿಯ ಮುಖ ನೋಡಿದೆ. ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ಬಾಯಿಯಿಂದ ಬಂದದ್ದು ಬೇರೆ: ನಾನು ಕುಶಲವಾಗಿದ್ದೇನೆ, ನೀವೆಲ್ಲರೂ ಕುಶಲವಾಗಿರುವಿರೆಂದು ನಂಬಿದ್ದೇನೆ. ಎರಡನೇ ಪುಸ್ತಕದ ಪತ್ರದ ಪಾಠದಲ್ಲಿ ಇದ್ದದ್ದು ಹೀಗೆಯೇ. ಆಮೇಲೆ ಆಕಳು ಕರು ಹಾಕಿದೆ ಎಂದೆ, ತಂಗಿ ಸುಖವಾಗಿದ್ದಾಳೆ ಎಂದೆ. ನಾನು ಓದಿದ್ದು ಅಚ್ಚ ಪುಸ್ತಕದ ಹಿಂದಿಯಲ್ಲಿ. ಮಾಯಿ ಅಳುತ್ತ ನಕ್ಕಳು.

"ನಮ್ಮವ್ವ ಹಿಂಗ ಸಾಹೇಬ್ರಗತೆ ಮಾತಾಡಾಕ ಯಾವಾಗ ಕಲತಳು?"

ಮರುದಿನ ಆ ಕಾರ್ಡನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಹೋಗಿ ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಮುಖ ಸಿಂಡರಿಸಿ ಹಿಂದಕ್ಕೆ ಕೊಟ್ಟರು. ಇದು ಕೈಥಿ ಲಿಪಿ, ಹಳ್ಳಿಯ ಮುನ್ಶಿಗಳು ಗೀಚುವುದು, ಇದನ್ನು ಕಲಿಯುವ ಅಗತ್ಯ ಯಾರಿಗೂ ಇಲ್ಲ, ತನಗೂ ಬರುವುದಿಲ್ಲ ಎಂದರು. ದೇಶದ ಯಾವ ಮೂಲೆಗಾದರೂ ಹೋಗುವ ಆ ಹಿಂದಿ ನನ್ನ ಅಜ್ಜಿಯ ಮನೆಗೆ ಹೋಗುತ್ತಿರಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಳ್ಳೆಯ ಮನುಷ್ಯ, ನಮಗಾಗಿ ಗಂಟಲು ಹರಿದುಕೊಂಡ ಮನುಷ್ಯ, ಆದರೂ ಸಿಟ್ಟಿದೆ. ಮಾಯಿಗೆ ನಿಜ ಹೇಳಬೇಕಾಗಿದ್ದದ್ದು ಆ ದಿನವೇ. ಹೇಳಲಿಲ್ಲ. ಅವಳು ಆಗಲೇ ನಲ್ಲಿಯ ಹತ್ತಿರ ಹೋಗಿ, ನನ್ನ ಮಗಳು ಕಾಗದ ನೀರು ಕುಡಿದಂತೆ ಓದುತ್ತಾಳೆ ಎಂದು ಹೇಳಿ ಬಂದಿದ್ದಳು.

ಎರಡನೆಯ ಕಾರ್ಡು ಬಂದದ್ದು ಹೋಳಿಯ ಮುಂದೆ. ಮಾಯಿ ನೀಲವ್ವ ಕಾಕುವಿನ ಜೊತೆ ಮೂಡಲಗಿಯ ಸಂತೆಗೆ ಹೋಗಿದ್ದಳು; ಟಪಾಲಿನವನು ಅದನ್ನು ನನ್ನ ಕೈಗೇ ಕೊಟ್ಟ. ಅದರ ಒಂದು ಮೂಲೆ ಹರಿದಿತ್ತು. ಬರಹ ಮೂರೇ ಸಾಲು, ಅದೇ ಗೆರೆಯಿಲ್ಲದ ಅಕ್ಷರ. ಟಪಾಲಿನವನ ಚೀಲದಲ್ಲಿ ಸಿಕ್ಕಿ ಹರಿದಿರಬೇಕು ಅಂದುಕೊಂಡೆ. ಮಾಯಿಗೆ ತವರಿನ ಕಾಗದವೆಂದರೆ ದೇವರ ಫೋಟೋ ಇದ್ದ ಹಾಗೆ. ಹರಿದದ್ದು ನೋಡಿದರೆ ನೊಂದುಕೊಳ್ಳುತ್ತಾಳೆ. ಗಂಜಿಯ ತಂಬಿಗೆ ತೆಗೆದೆ. ಮಾಸ್ತರರು ಬಿಟ್ಟುಹೋಗಿದ್ದ ಹಳೆಯ ಕಾರ್ಡೊಂದರ ಚೂರು ಕತ್ತರಿಸಿ, ಮೂಲೆಗೆ ಸರಿಯಾಗಿ ಕೂಡಿಸಿ ಅಂಟಿಸಿದೆ. ಮೇಲೆ ಒರಳುಗುಂಡು ಇಟ್ಟು ಒಣಗಿಸಿದೆ. ಅಂಟಿಸಿದ್ದು ಗೊತ್ತೇ ಆಗದಷ್ಟು ಚೆನ್ನಾಗಿ ಕೂತಿತು, ನನಗೆ ಭಾರಿ ಹೆಮ್ಮೆಯಾಯಿತು. ಸಂತೆಯಿಂದ ಬಂದ ಮಾಯಿ ಚೀಲ ಕೆಳಗಿಡುವ ಮೊದಲೇ ಬಾಗಿಲು ಹಾಕಿದಳು. ನಾನು ಓದಿದೆ. ಈ ಸಲ ಧೈರ್ಯ ಹೆಚ್ಚಾಗಿತ್ತು. ನಾನು ಕುಶಲವಾಗಿದ್ದೇನೆ. ಬಾಗಿಲ ಮುಂದಿನ ಮಾವಿನ ಮರ ಹೂ ಬಿಟ್ಟಿದೆ. ಮೊಮ್ಮಗನಿಗೆ ಹಲ್ಲು ಬಂದವೇ? ನೀನು ಕೆಲಸ ಕೆಲಸ ಎಂದು ತಲೆ ಒಣಗಿಸಿಕೊಳ್ಳಬೇಡ, ಶನಿವಾರ ಎಣ್ಣೆ ಹಚ್ಚಿಕೋ. ಈ ಎಣ್ಣೆಯ ಮಾತು ಕೇಳಿದ್ದೇ ಮಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕಾರ್ಡನ್ನು ತಿರುಗಿಸಿ ನೋಡಿದಳು.

"ಇಷ್ಟೀಟು ಬರದದ್ದರಾಗ ಎಷ್ಟೊಂದು ಮಾತು ಹಿಡದಾವು ನೋಡು."

ಆ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ ಅವಳು. ದೇವರ ಗೂಡಿನೊಳಗೇ, ಹನುಮಂತನ ಪಟದ ಹಿಂದೆ ಇಟ್ಟಳು.

ಅವಳ ಆ ಮಾತು ನನ್ನನ್ನು ಕೊರೆಯಿತು. ಮೂರು ಸಾಲಿನಲ್ಲಿ ನಿಜವಾಗಿ ಏನಿತ್ತು? ಎರಡು ದಿನ ತಡೆದು, ಮೂರನೆಯ ದಿನ ಮಾಯಿ ನೀರಿಗೆ ಹೋದಾಗ ಕಾರ್ಡು ತೆಗೆದುಕೊಂಡು ಗಿರಣಿಯ ಗೇಟಿಗೆ ಓಡಿದೆ. ರಾಮಧನಿ ಬಾಬಾ ಸ್ಟೂಲಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ಮೊದಲು ಕೈ ಮುಂದೆ ಮಾಡಲಿಲ್ಲ, ಆಣೆ ಮಾಡಿದ್ದೇನೆ ಎಂದರು. ನನಗೆ ಮಾತ್ರ ಕೇಳುವ ಹಾಗೆ ಹೇಳಿ ಎಂದು ಅತ್ತೆ. ಕಾರ್ಡು ತೆಗೆದುಕೊಂಡು ನೋಡಿದವರ ಮುಖ ಸಪ್ಪಗಾಯಿತು. ಮತ್ತೆ ಓದಿದರು. ಕಾರ್ಡಿನ ಅಂಚನ್ನು ಬೆರಳಿನಿಂದ ಸವರುತ್ತ ಹೋಗಿ, ಅಂಟಿಸಿದ ಮೂಲೆಯ ಹತ್ತಿರ ನಿಲ್ಲಿಸಿದರು.

"ಇದನ್ನ ಯಾರ ಹಚ್ಚಿದ್ರು?"

"ನಾನರಿ. ಹರದಿತ್ತು."

"ಹರದಿರಲಿಲ್ಲವ್ವಾ, ಹರದು ಕಳಸ್ಯಾರ. ನಮ್ಮ ಕಡೆ ಸತ್ತ ಸುದ್ದಿ ಹಂಗ ಕಳಸ್ತಾರ. ಓದಾಕ ಬರದವರಿಗೂ ತಿಳೀಲಿ ಅಂತ." ಅವರ ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ, ಪಿಸುಮಾತಿನಲ್ಲಿ ಹೇಳುತ್ತಿದ್ದರು. "ನಿಮ್ಮ ನಾನಿ ಹೋಗಿಬಿಟ್ಟಾಳ. ಎಲ್ಲಾ ಕಾರ್ಯ ಮುಗಿಸೇವಿ ಅಂತ ಬರದಾರ. ಇಂಥಾ ಕಾಗದ ಹೊಸ್ತಿಲ ಒಳಗ ಒಯ್ಯಬಾರದು. ಹೊರಗ ಓದಿ, ಅಲ್ಲೇ ಹರದು ಒಗದು, ತಲಿ ಮ್ಯಾಲ ನೀರು ಹಾಕ್ಕೊಂಡು ಒಳಗ ಹೋಗಬೇಕು. ನೀವು ಇದನ್ನ ಎಲ್ಲಿ ಇಟ್ಟಿದ್ರಿ?"

ದೇವರ ಗೂಡಿನಲ್ಲಿ ಎಂದೆ. ಬಾಬಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಮಾಯಿಗೆ ನೀವೇ ಹೇಳಿ ಎಂದು ಅವರ ಕಾಲು ಹಿಡಿದೆ. ಅವರು ನನ್ನನ್ನು ಎತ್ತಿ ನಿಲ್ಲಿಸಿದರು.

"ನಾ ಹ್ಯಾಂಗ ಹೇಳ್ಲಿ? ಗಂಗಾಮಾಯಿ ಆಣಿ ಹಾಕೀನಿ. ನಿಮ್ಮಪ್ಪ ನನ್ನ ಮಾರಿ ನೋಡಾಂಗಿಲ್ಲ. ನೀನು ಹೇಳು. ತಡಾ ಮಾಡಬ್ಯಾಡ, ದಿನಾ ಹೋದಂಗ ಕಠಿಣ ಆಗತೈತಿ."

ಅವರು ಹೇಳಿದ್ದು ಖರೆಯಾಯಿತು. ಮನೆಗೆ ಬಂದು ಕಾರ್ಡನ್ನು ಎಲ್ಲಿತ್ತೋ ಅಲ್ಲೇ ಇಟ್ಟೆ, ಹನುಮಂತನ ಹಿಂದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾಯಿ ಅಂದು ಹಾಡುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಹೋಳಿ. ಹಬ್ಬದ ದಿನ ಹೇಗೆ ಹೇಳುವುದು? ಅದರ ಮರುದಿನ ತಮ್ಮನಿಗೆ ಜ್ವರ. ಒಂದು ಸಲ ಅಪ್ಪನಿಗೆ ಹೇಳೋಣವೆಂದು ಹೋದೆ. ರಾತ್ರಿಪಾಳಿ ಮುಗಿಸಿ ಬಂದವನು ತಲೆಯ ಮೇಲೆ ಅರಳೆಯ ಧೂಳಿನೊಂದಿಗೆ ಹಾಗೇ ಮಲಗಿಬಿಟ್ಟಿದ್ದ, ಕರೆದರೆ ಹ್ಞೂಂ ಎಂದು ಮಗ್ಗುಲಾದ. ನೀಲವ್ವ ಕಾಕುವಿಗೆ ಹೇಳಲು ಅವಳ ಹಿತ್ತಲಿನವರೆಗೂ ಹೋಗಿ, ಮಜ್ಜಿಗೆ ಕುಡಿದು ವಾಪಸು ಬಂದೆ. ದಿನ ಹೋದಂತೆ ನಾನಿ ಸತ್ತದ್ದಕ್ಕಿಂತ ನಾನು ಸುಳ್ಳು ಓದಿದ್ದು ದೊಡ್ಡದಾಗಿ ಕಾಣತೊಡಗಿತು. ಅದಕ್ಕಿಂತ ದೊಡ್ಡದು, ಈ ಕಾಗದವನ್ನು ದೇವರ ಮುಂದೆ ಇರಲು ಬಿಟ್ಟಿದ್ದು. ಒಂದರೊಳಗೊಂದು ಗಂಟು ಬಿದ್ದು, ಯಾವುದನ್ನು ಮೊದಲು ಬಿಚ್ಚಬೇಕೋ ಒಂಬತ್ತು ವರ್ಷದ ಹುಡುಗಿಗೆ ಗೊತ್ತಾಗಲಿಲ್ಲ. ಎಂಬತ್ತರ ಮುದುಕಿಗೂ ಗೊತ್ತಾಗುತ್ತಿಲ್ಲ.

ಮಾಯಿ ಮಾತ್ರ ಆ ಬೇಸಿಗೆಯಲ್ಲಿ ನಾನು ಕಂಡ ಎಲ್ಲ ದಿನಗಳಿಗಿಂತ ಸಂತೋಷವಾಗಿದ್ದಳು. ಬರುವ ಕಾರ್ತಿಕಕ್ಕೆ ಊರಿಗೆ ಹೋಗುವುದೆಂದು ಅಪ್ಪನನ್ನು ಒಪ್ಪಿಸಿದ್ದಳು. ಗಂಡುಮಗುವನ್ನು ತಾಯಿಯ ತೊಡೆಯ ಮೇಲೆ ಮಲಗಿಸಬೇಕು, ಗಂಗೆಯ ಚಳಿಗೆ ತಾಯಿಗೊಂದು ಕೌದಿ ಒಯ್ಯಬೇಕು. ಅವಳ ಊರಿನಲ್ಲಿ ಇಂಥ ಕೌದಿ ಇಲ್ಲವಂತೆ. ನೀಲವ್ವ ಕಾಕು ತನ್ನ ಹಳೆಯ ಇಳಕಲ್ ಸೀರೆ ಕೊಟ್ಟು, ಹೊಲಿಗೆ ಕಲಿಸಿಕೊಟ್ಟಳು. ಮಧ್ಯಾಹ್ನ ಮಧ್ಯಾಹ್ನ ಇಬ್ಬರೂ ಬಾಗಿಲಲ್ಲಿ ಕೂತು ಹೊಲಿಯುತ್ತಿದ್ದರು. ಮಾಯಿಯ ಕಣ್ಣು ಸ್ವಲ್ಪ ಮಂದ, ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ಪೋಣಿಸಿದೆ. ಎಷ್ಟು ಸಲ ಎಂದು ಹೇಳಲಾರೆ.

"ನಿಮ್ಮವ್ವಗ ಕೆಂಪ ಬಣ್ಣ ಸೇರತೈತೇನ ಬಾಯಿ?" ಎಂದು ನೀಲವ್ವ ಕಾಕು ಕೇಳುತ್ತಿದ್ದಳು.

"ನನ್ನ ಕೈಲೆ ಹೊಲದದ್ದು ಅಂದ್ರ ಯಾವ ಬಣ್ಣಾನೂ ಸೇರತೈತಿ" ಎನ್ನುತ್ತಿದ್ದಳು ಮಾಯಿ.

ಕಾಗದಗಳು ಬೇರೆ. ಈಗ ಬರೆಯಲು ಮಗಳಿದ್ದಾಳಲ್ಲ. ಮೂರು ಸಲ ನನ್ನನ್ನು ಕೂರಿಸಿಕೊಂಡು, ತನ್ನ ಭಾಷೆಯಲ್ಲಿ ಹೇಳಿ ಬರೆಸಿದಳು. ಅವ್ವಾ, ನಾನು ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ, ನೀನು ಚಿಂತೆ ಮಾಡಬೇಡ. ಇಲ್ಲಿ ಸಾಸಿವೆ ಎಣ್ಣೆ ಸಿಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಮಾವಿನ ಮರ ಕಾಯಿ ಬಿಟ್ಟಿತೇ? ಪ್ರತಿ ಮಾತನ್ನೂ ಬರೆದೆ. ಬರೆದು ಮುಗಿಸಿ ಪೆಟ್ಟಿಗೆಗೆ ಹಾಕಿ ಬರುತ್ತೇನೆಂದು ಹೊರಟು, ಟಪಾಲು ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದೆ. ಸತ್ತವಳಿಗೆ ಹೇಗೆ ಹಾಕುವುದು? ಕೊನೆಗೆ ಅವನ್ನು ಬಾಬಾರಿಗೆ ಕೊಟ್ಟು ಬರುತ್ತಿದ್ದೆ. ಅವರು ಏನೂ ಕೇಳದೆ ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೂರನೆಯ ಸಲ ಮಾತ್ರ ಹೇಳಿದರು:

"ಇನ್ನೂ ಹೇಳಿಲ್ಲಾ? ನಾನೂ ನಿನ್ನ ಜೋಡಿ ಕಳ್ಳ ಆಗೇನಿ ನೋಡವ್ವಾ."

ಮುಂದೆ ನಾನು ಹುಕ್ಕೇರಿಯ ಕಡೆ ಕನ್ನಡ ಶಾಲೆಯಲ್ಲಿ ಬಾಯಾರಾಗಿ, ಅಂದರೆ ಶಿಕ್ಷಕಿಯಾಗಿ, ಬಹಳ ವರ್ಷ ಕಳೆದೆ. ಪುಸ್ತಕ ಕೈಯಲ್ಲಿ ಹಿಡಿದು ಓದು ಬಾರದೆ, ಬಾಯಿಪಾಠದಿಂದಲೋ ಚಿತ್ರ ನೋಡಿಯೋ ಓದಿದಂತೆ ನಟಿಸುವ ಮಕ್ಕಳು ಪ್ರತಿ ವರ್ಷವೂ ಒಬ್ಬಿಬ್ಬರು ಇರುತ್ತಿದ್ದರು. ಅವರ ಕಣ್ಣು ಅಕ್ಷರದ ಮೇಲೆ ಇರುವುದಿಲ್ಲ, ಕೇಳುವವರ ಮುಖದ ಮೇಲೆ ಇರುತ್ತದೆ. ನನಗೆ ತಕ್ಷಣ ಗೊತ್ತಾಗುತ್ತಿತ್ತು. ಅಂಥ ಮಗುವಿಗೆ ನಾನು ಒಂದು ದಿನವೂ ಹೊಡೆದಿಲ್ಲ. ಹತ್ತಿರ ಕೂರಿಸಿಕೊಂಡು ಮತ್ತೆ ಮೊದಲಕ್ಷರದಿಂದ ಶುರು ಮಾಡುತ್ತಿದ್ದೆ. ಬೇರೆ ಮಾಸ್ತರರು ನನ್ನನ್ನು ಮೆತ್ತನೆಯ ಬಾಯಾರು ಎಂದು ನಗುತ್ತಿದ್ದರು.

ಶ್ರಾವಣ ಹುಟ್ಟಿತು. ಫಾಲ್ಸ್ ಕೆಂಪಗೆ ತುಂಬಿ ಧುಮುಕುತ್ತಿತ್ತು, ಚಾಳಿನ ಗೋಡೆಗಳೆಲ್ಲ ಬೆವೆತಿದ್ದವು. ಅಕ್ಷರದ ಹಾಳೆಗಳು ಗಂಜಿ ಬಿಟ್ಟು ಒಂದೊಂದೇ ಜೋತುಬಿದ್ದವು. ಅವು ಜೋಲುವುದನ್ನು ನೋಡಿಯೂ, ಕಾರ್ಡಿನ ಮೂಲೆಗೆ ಹಚ್ಚಿದ್ದೂ ಅದೇ ಗಂಜಿ ಎಂದು ನನಗೆ ಹೊಳೆಯಲಿಲ್ಲ. ಅವತ್ತು ರವಿವಾರ. ಕೋಣೆಯ ತುಂಬ ಮಕ್ಕಳು, ಮಾಸ್ತರರು ಮುಂಗಾಲ ಮೇಲೆ ನಿಂತು ಕೂಗುತ್ತಿದ್ದರು. ಮರೆಯ ಆಚೆ ಮಾಯಿ ದೇವರ ಗೂಡನ್ನು ಒರೆಸುತ್ತಿದ್ದಳು, ಪಂಚಮಿ ಹತ್ತಿರ ಬಂದಿತ್ತು. ನನ್ನ ಸರದಿ ಬಂತು, ಎದ್ದು ನಿಂತು ಪಾಠ ಓದತೊಡಗಿದೆ. ಅರ್ಧ ಓದುವಷ್ಟರಲ್ಲಿ ಮಾಯಿ ಮರೆಯಿಂದ ಈಚೆ ಬಂದಳು. ಒಂದು ಕೈಯಲ್ಲಿ ಕಾರ್ಡು. ಇನ್ನೊಂದು ಕೈಯ ಬೆರಳಿಗೆ ಅಂಟಿಕೊಂಡ ಒಂದು ಚೂರು ಕಾಗದ.

ಅವಳು ನನ್ನನ್ನು ನೋಡಿದಳು. ನನ್ನ ಬಾಯಿ ನಿಂತಿತು. ಮಾಯಿ ಮಕ್ಕಳ ನಡುವೆ ಜಾಗ ಮಾಡಿಕೊಂಡು, ಯಾರ ಪಾಟಿಯನ್ನೂ ತುಳಿಯದೆ, ಸೀದಾ ಹೊಸ್ತಿಲು ದಾಟಿ ಹೋಗಿ ಮಳೆಯಲ್ಲಿ ನಿಂತಳು.

"ಬುಚಿಯಾ. ಹೊರಗ ಬಾ."

ಹೋದೆ. ಹಿಂದೆ ಕೋಣೆಯಲ್ಲಿ ಒಂದು ಸದ್ದಿಲ್ಲ, ತಮ್ಮ ಎದ್ದು ಅಳತೊಡಗಿದ.

"ಇದು ಯಾವಾಗ ಬಂದಿತ್ತು?"

"ಹೋಳಿ ಮುಂದ."

ಅವಳು ಬೆರಳು ಮಡಿಸಿದಳು. ಫಾಲ್ಗುಣ, ಚೈತ್ರ, ವೈಶಾಖ. ಐದು ಬೆರಳೂ ಮುಗಿದವು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದು ಮುಖ ಮುಂದೆ ಮಾಡಿದೆ. ಅವಳಿಗೆ ನಾನು ಕಾಣುತ್ತಲೇ ಇರಲಿಲ್ಲ. ಮಾಸ್ತರರು ಬಾಗಿಲಿಗೆ ಬಂದು, ಏನಾಯಿತು, ಕೊಡಿ, ಏನು ಬರೆದಿದ್ದಾರೆ ನಾನು ಓದಿ ಹೇಳುತ್ತೇನೆ ಎಂದು ಕಾರ್ಡು ತೆಗೆದುಕೊಂಡರು. ಕನ್ನಡಕ ಏರಿಸಿದರು. ನೋಡಿದರು. ಕಾರ್ಡನ್ನು ಹಾಗೇ ಹಿಡಿದುಕೊಂಡು ನಿಂತರು.

"ಬಾಯಿ, ನನಗೆ..." ಎಂದರು.

"ಇರ್ಲಿ ಬಿಡ್ರಿ ಮಾಸ್ತರ," ಎಂದಳು ಮಾಯಿ. "ಇದರಾಗ ಓದೂದು ಏನೈತಿ?"

ತಮ್ಮನ ಅಳು ಕೇಳಿ ಓಡಿ ಬಂದ ನೀಲವ್ವ ಕಾಕುವಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ, ಮಾಯಿಯ ಮುಖ ನೋಡಿದ್ದೇ ಸಾಕಾಯಿತು. ಒಳಗಿನಿಂದ ಹೊರಸು ತರಿಸಿ, ಹೊರಗೆ ಅಡ್ಡ ನಿಲ್ಲಿಸಿ, ಮೇಲೆ ಸೀರೆ ಹೊದಿಸಿ ಮರೆ ಮಾಡಿದಳು. ತನ್ನ ಮನೆಯ ಹಂಡೆಯ ನೀರನ್ನು ತಂದು ಮಾಯಿಯ ತಲೆಯ ಮೇಲೆ ಕೊಡಗಟ್ಟಲೆ ಸುರಿದಳು. ಐದು ತಿಂಗಳು ತಡವಾದ ಸ್ನಾನ ಅದು. ಆಗ ಮಾಯಿ ಅತ್ತಳು, ತನ್ನ ಭಾಷೆಯಲ್ಲಿ, ಹಾಡುವ ಹಾಗೆ ರಾಗ ಎಳೆದು. ನಾವು ಕಲಿತ ಹಿಂದಿಯ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಸಾಲಿನ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಿಗೆ ಬಂದು ನಿಂತು ಅದೇ ರಾಗದಲ್ಲಿ ಕೂಡಿಕೊಂಡರು. ಅಲ್ಲಿದ್ದ ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗೂ ತಾಯಂದಿರು ಏನು ಹೇಳಿ ಅಳುತ್ತಿದ್ದಾರೆಂದು ಪೂರ್ತಿ ತಿಳಿಯಲಿಲ್ಲ. ಗೇಟಿನ ಕಡೆಯಿಂದ ರಾಮಧನಿ ಬಾಬಾ ಬಂದು ಬೇವಿನ ಕಟ್ಟೆಯ ಹತ್ತಿರ ನಿಂತರು, ಅದಕ್ಕಿಂತ ಮುಂದೆ ಬರಲಿಲ್ಲ. ಅವರ ಕೈಯಲ್ಲಿ ಮೂರು ಕಾಗದಗಳಿದ್ದವು.

ಮಳೆ ಹನಿಯುತ್ತಲೇ ಇತ್ತು. ಮಾಯಿ ಒಣ ಸೀರೆ ಉಟ್ಟು, ಕೂದಲು ಬಿಟ್ಟುಕೊಂಡು, ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತಳು. ನೀರು ಕೂದಲ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಆ ಕಾಗದ ಹರದು ಒಗಿಯವ್ವಾ, ಒಳಗ ನಡಿ. ಥಂಡಿ ಐತಿ" ಎಂದಳು ನೀಲವ್ವ ಕಾಕು.

"ತಡಿ ಅಕ್ಕಾ. ಇನ್ನೊಮ್ಮೆ ಓದಸ್ಕೋತೀನಿ." ಮಾಯಿ ಕಾರ್ಡನ್ನು ನನ್ನ ಕೈಗೆ ಕೊಟ್ಟಳು. "ಅವತ್ತು ಓದಿದ್ದಿಯಲ್ಲಾ, ಹಂಗ ಓದು."

ನಾನು ತಲೆ ಅಲ್ಲಾಡಿಸಿದೆ. ನನಗೆ ಬರುವುದಿಲ್ಲ, ಅವತ್ತೂ ಬರುತ್ತಿರಲಿಲ್ಲ ಎಂದು ಕೊನೆಗೂ ಹೇಳಿದೆ.

"ಗೊತ್ತಾತು. ಓದು."

ಕಾರ್ಡು ಹಿಡಿದುಕೊಂಡೆ. ನಾನು ಕುಶಲವಾಗಿದ್ದೇನೆ ಎಂದೆ. ಮಾವಿನ ಮರ ಹೂ ಬಿಟ್ಟಿದೆ ಎಂದೆ. ಮೊಮ್ಮಗನಿಗೆ ಹಲ್ಲು ಬಂದವೇ ಎಂದೆ. ಮುಂದಿನದನ್ನು ಹೇಳಲು ಅವಳ ಒದ್ದೆ ಕೂದಲು ನೋಡಿ ನಾಲಿಗೆ ಏಳಲಿಲ್ಲ. ಇಷ್ಟೇ, ಮುಗಿಯಿತು ಎಂದೆ.

ಮಾಯಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

"ಎಣ್ಣಿದು ಬಿಟ್ಟಿ" ಎಂದಳು.